ಉಗುರು, ಊಟ ಮತ್ತು ಹೇಳಬಾರದ ಪಾಠ

ಇಂಗ್ಲೆಂಡಿನ ಪ್ರೈಮರಿ ಶಾಲೆಗಳಲ್ಲಿ ಪಿಎಸ್‌ಎಚ್‌ಇ ಅಂತ ಒಂದು ಪೀರಿಯಡ್ ಇರುತ್ತೆ. ತನ್ನ ಬಗ್ಗೆ, ಜೊತೆಯವರ ಬಗ್ಗೆ, ಆರೋಗ್ಯದ ಬಗ್ಗೆ ಮಗುವಿಗೆ ಹೇಳಿಕೊಡೋ ಪೀರಿಯಡ್ಡು. 2020ರ ಸೆಪ್ಟೆಂಬರ್‌ನಿಂದ ಅದರ ದೊಡ್ಡ ಭಾಗವೊಂದು, ಅಂದ್ರೆ ಸಂಬಂಧಗಳ ಶಿಕ್ಷಣ, ಅಲ್ಲಿನ ಪ್ರೈಮರಿ ಶಾಲೆಗಳಿಗೆ ಕಡ್ಡಾಯವಾಯ್ತು. ನಮ್ಮ ಸರ್ಕಾರಿ ಶಾಲೆಯ ವೇಳಾಪಟ್ಟಿ ನೋಡಿ. ಕನ್ನಡ, ಇಂಗ್ಲಿಷ್, ಗಣಿತ, ಪರಿಸರ ಅಧ್ಯಯನ... ಅಂಥ ಹೆಸರಿನ ಪೀರಿಯಡ್ ಎಲ್ಲೂ ಇಲ್ಲ.

ಹಾಗಂತ ನಮ್ಮಲ್ಲಿ ಇದನ್ನ ಕಲಿಸಲೇ ಇಲ್ವಾ? ಕಲಿಸಿದ್ದಾರೆ. ಬೇರೆ ಬೇರೆ ಹೆಸರಲ್ಲಿ, ಬೇರೆ ಬೇರೆ ಬಾಗಿಲಿಂದ. ಯಾವುದನ್ನ ಕಲಿಸಿದರು, ಯಾವುದನ್ನ ಬಿಟ್ಟರು ಅಂತ ಹುಡುಕುತ್ತಾ ಹೋದರೆ ಅದೇ ಒಂದು ಇತಿಹಾಸ.

ನಾನಿರೋದು ಹಿನಕಲ್‌ನಲ್ಲಿ. ಮೈಸೂರಿನವರಿಗೆ ಈಗ ಹಿನಕಲ್ ಅಂದ್ರೆ ಹುಣಸೂರು ರಸ್ತೆಯ ಫ್ಲೈಓವರ್. ಈ ಕಡೆ ವಿಜಯನಗರ, ಆ ಕಡೆ ಹೆಬ್ಬಾಳದ ಕೈಗಾರಿಕಾ ಪ್ರದೇಶ ಮತ್ತು ನಮ್ಮಂಥ ಸಾಫ್ಟ್‌ವೇರಿನವರ ಆಫೀಸು, ನಡುವೆ ಹಳೇ ನನ್ನೇಶ್ವರ ದೇವಸ್ಥಾನದ ಊರು. ಗ್ರಾಮ ಪಂಚಾಯಿತಿಯಾಗಿದ್ದ ಊರು ನೋಡನೋಡುತ್ತಲೇ ಪಟ್ಟಣವಾಗಿದೆ. ಇಂಥ ಊರಿನ ಮಕ್ಕಳಿಗೆ ಈ ಪಾಠ ಯಾವತ್ತು, ಹೇಗೆ ಸಿಕ್ಕಿತು ಅನ್ನೋದು ನನ್ನ ಪ್ರಶ್ನೆ.

ಮೊದಲು ಉಗುರಿನ ಕಥೆ. 1898ರಲ್ಲಿ ಮೈಸೂರಿಗೆ ಪ್ಲೇಗ್ ಬಂತು. ಅದರ ಬೆನ್ನಿಗೇ 1903ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಹುಟ್ಟಿತು. ಇಕ್ಕಟ್ಟಿನ ಕೇರಿಗಳನ್ನ ಬಿಡಿಸಿ ಗಾಳಿ ಬೆಳಕಿನ ಬಡಾವಣೆ ಮಾಡೋ ಕೆಲಸ ಅದರದ್ದು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1913ರಲ್ಲಿ, ಪ್ರಾಥಮಿಕ ಶಿಕ್ಷಣದ ಕಾಯಿದೆ ಬಂತು. 1937ರಲ್ಲಿ ಗಾಂಧೀಜಿಯ ವಾರ್ಧಾ ಯೋಜನೆಗೆ ಝಾಕಿರ್ ಹುಸೇನ್ ಸಮಿತಿ ಪಠ್ಯಕ್ರಮ ಬರೆದಾಗ ಸಾಮಾನ್ಯ ವಿಜ್ಞಾನದೊಳಗೆ ಶರೀರ, ನೈರ್ಮಲ್ಯ ಎರಡನ್ನೂ ಸೇರಿಸಿತು. ಬೀದಿ ಚೊಕ್ಕಟವಾದ ಹಾಗೆ ಮಗುವೂ ಚೊಕ್ಕಟವಾಗಬೇಕು ಅನ್ನೋದು ಆ ಕಾಲದ ಆಸೆ.

ಅದರ ಬಾಲವನ್ನ ನನ್ನ ವಯಸ್ಸಿನವರೂ ನೋಡಿದ್ದೀವಿ. ಪ್ರಾರ್ಥನೆ ಮುಗಿದ ಮೇಲೆ ಎರಡೂ ಕೈ ಮುಂದೆ ಚಾಚಬೇಕು. ಉಗುರು ಬೆಳೆದಿದ್ದರೆ ಬೆರಳ ಗೆಣ್ಣಿಗೆ ಸ್ಕೇಲ್ ಏಟು. ತಲೆಗೆ ಎಣ್ಣೆ, ಅಂಗಿಗೆ ಪಿನ್ ಮಾಡಿದ ಕರ್ಚೀಫು. ಚೊಕ್ಕಟ ಒಳ್ಳೆಯದೇ, ಬೇಡ ಅನ್ನೋರ್ಯಾರು? ಆದರೆ ಆ ಪಾಠದಲ್ಲಿ ಮೈ ಅಂದ್ರೆ ದೊಡ್ಡವರು ತಪಾಸಣೆ ಮಾಡೋ ವಸ್ತು. ಇದು ನನ್ನ ಮೈ, ಇದರ ಬಗ್ಗೆ ನಾನೂ ಮಾತಾಡಬಹುದು ಅನ್ನೋದು ಆ ಸಾಲಿನಲ್ಲಿ ನಿಂತ ಯಾರಿಗೂ ಹೊಳೆಯೋ ಹಾಗಿರಲಿಲ್ಲ.

ಎರಡನೇ ಬಾಗಿಲು ಅಡುಗೆಮನೆಯದ್ದು. 2001ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಶಾಲೆಗಳಲ್ಲಿ ಬೇಯಿಸಿದ ಊಟ ಕೊಡಲೇಬೇಕು ಅಂದಿತು. 2002ರಲ್ಲಿ ಅಕ್ಷರ ದಾಸೋಹ ಉತ್ತರದ ಏಳು ಜಿಲ್ಲೆಗಳಲ್ಲಿ ಶುರುವಾಗಿ, 2003ರಲ್ಲಿ ನಮ್ಮ ಕಡೆಗೂ ಬಂತು. ನಾನು ಒಂದನೇ ಕ್ಲಾಸಿಗೆ ಸೇರಿದ್ದೂ ಅದೇ ವರ್ಷ! ಬಿಸಿಯೂಟ ಹೊಟ್ಟೆ ತುಂಬಿಸೋ ಯೋಜನೆ ನಿಜ. ಆದರೆ ಯಾರ ಪಕ್ಕ ಯಾರು ಕೂತು ಉಣ್ಣಬೇಕು ಅನ್ನೋದಕ್ಕೆ ನೂರು ಕಟ್ಟಳೆ ಇರೋ ಊರುಗಳಲ್ಲಿ ಎಲ್ಲ ಮಕ್ಕಳೂ ಒಂದೇ ಸಾಲಲ್ಲಿ ಕೂತು, ಒಂದೇ ಪಾತ್ರೆಯ ಸಾರು ಉಣ್ಣೋದು ಯಾವ ಸಮಾಜ ಪಾಠಕ್ಕೆ ಕಮ್ಮಿ? 2013ರಲ್ಲಿ ಕ್ಷೀರಭಾಗ್ಯದ ಹಾಲು ಬಂತು. 2021ರ ಕೊನೆಗೆ ಕಲ್ಯಾಣ ಕರ್ನಾಟಕದ ಕಡೆ ಮೊಟ್ಟೆ ಕೊಡೋಕೆ ಹೊರಟಾಗ ಕೆಲವು ಮಠಾಧೀಶರು ಬೇಡ ಅಂದರು. ಆಗ ಶಾಲೆಯ ಹುಡುಗಿಯರೇ ಎದ್ದು ನಿಂತು ನಮಗೆ ಮೊಟ್ಟೆ ಬೇಕು ಅಂತ ಕೇಳಿದ್ದು ಸುದ್ದಿಯಾಯ್ತು. ನನ್ನ ಮೈಗೆ ಏನು ಬೇಕು ಅಂತ ಮಗುವೇ ಬಾಯಿಬಿಟ್ಟು ಹೇಳಿದ ಅಪರೂಪದ ಗಳಿಗೆ ಅದು.

ಮೂರನೆಯದು ನಮ್ಮ ಜಿಲ್ಲೆಯದೇ ಹೆಮ್ಮೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಮೇಷ್ಟರುಗಳು ಆಂಧ್ರದ ರಿಷಿವ್ಯಾಲಿಯ ಶಾಲೆಗಳನ್ನ ನೋಡಿಕೊಂಡು ಬಂದು, ಯುನಿಸೆಫ್ ನೆರವಿನಿಂದ ನಲಿ-ಕಲಿ ಶುರುಮಾಡಿದರು. ಬೆಂಚು ಹೋಯ್ತು, ಮಕ್ಕಳು ಗುಂಪಾಗಿ ನೆಲದ ಮೇಲೆ ಕೂತರು. ಕಪ್ಪು ಹಲಗೆ ಅವರ ಎತ್ತರಕ್ಕೆ ಇಳಿಯಿತು. ಒಂದು, ಎರಡು, ಮೂರನೇ ಕ್ಲಾಸಿನವರು ಒಂದೇ ಕೋಣೆಯಲ್ಲಿ ತಂತಮ್ಮ ವೇಗದಲ್ಲಿ ಕಲಿಕಾ ಏಣಿ ಹತ್ತಿದರು. ದೊಡ್ಡ ಮಗು ಚಿಕ್ಕ ಮಗುವಿಗೆ ಹೇಳಿಕೊಡೋದು ಆ ಪದ್ಧತಿಯ ಒಂದು ಭಾಗವೇ ಆಯ್ತು. 2009-10ರ ಹೊತ್ತಿಗೆ ಅದು ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ಹರಡಿತು. ಜೊತೆಯವರಿಗೆ ನೆರವಾಗು, ನಿನ್ನ ಸರದಿಗೆ ಕಾಯಿ, ಗೊತ್ತಿಲ್ಲದಿದ್ದರೆ ಕೇಳು. ಇಂಗ್ಲೆಂಡಿನವರು ಪೀರಿಯಡ್ ಇಟ್ಟು ಹೇಳಿಕೊಡೋದನ್ನ ನಲಿ-ಕಲಿ ಕೂರೋ ರೀತಿಯಲ್ಲೇ ಹೇಳಿಕೊಟ್ಟಿತು ಅನ್ನಿಸುತ್ತೆ ನನಗೆ.

ಉಗುರು ಆಯ್ತು, ಊಟ ಆಯ್ತು, ಜೊತೆಯೂ ಆಯ್ತು. ಉಳಿದಿದ್ದು ಹೇಳಬಾರದ ಪಾಠ.

ವಿಚಿತ್ರ ನೋಡಿ, ಈ ವಿಷಯದಲ್ಲಿ ಹಳೇ ಮೈಸೂರು ಸಂಕೋಚದ ಊರೇನೂ ಆಗಿರಲಿಲ್ಲ. 1930ರಲ್ಲೇ ಮೈಸೂರು ಸರ್ಕಾರ ತನ್ನ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆಯೋಕೆ ಆದೇಶ ಮಾಡಿತ್ತು. ಇಡೀ ಜಗತ್ತಿನಲ್ಲೇ ಒಂದು ಸರ್ಕಾರ ಇಂಥ ಕೆಲಸ ಮಾಡಿದ್ದು ಅದೇ ಮೊದಲು ಅಂತಾರೆ. ಕನ್ನಡದಲ್ಲಿ ಡಾ. ಅನುಪಮಾ ನಿರಂಜನ ಅವರು ಹದಿಹರೆಯದ ಹುಡುಗಿಯರಿಗೆ ಅಂತಲೇ 'ಕೇಳು ಕಿಶೋರಿ' ಬರೆದರು. ನಮ್ಮ ಎಷ್ಟೋ ಅಮ್ಮಂದಿರು, ಅಕ್ಕಂದಿರು ಅದನ್ನ ಓದಿದ್ದಾರೆ. ಆಸ್ಪತ್ರೆಯಲ್ಲಿ ಹೇಳಬಹುದಿತ್ತು, ಪುಸ್ತಕದಲ್ಲಿ ಹೇಳಬಹುದಿತ್ತು. ಶಾಲೆಯ ಹೊಸ್ತಿಲು ದಾಟೋದೇ ಕಷ್ಟವಾಯ್ತು.

2005ರಲ್ಲಿ ಕೇಂದ್ರ ಸರ್ಕಾರ ನ್ಯಾಕೋ ಜೊತೆ ಸೇರಿ ಹದಿಹರೆಯದ ಶಿಕ್ಷಣ ಕಾರ್ಯಕ್ರಮ ತಂತು. ಎಚ್‌ಐವಿ ಭಯದ ಕಾಲ ಅದು. ಮೇಷ್ಟರುಗಳಿಗೆ ಕೊಟ್ಟ ಚಿತ್ರಪಟಗಳನ್ನ ನೋಡಿ ಗಲಾಟೆ ಎದ್ದಿತು. 2007ರಲ್ಲಿ ಮಹಾರಾಷ್ಟ್ರ, ಮಧ್ಯಪ್ರದೇಶದ ಜೊತೆ ಕರ್ನಾಟಕವೂ ಬೇಡ ಅಂದಿತು. 2009ರಲ್ಲಿ ರಾಜ್ಯಸಭೆಯ ಅರ್ಜಿ ಸಮಿತಿ ಕೂಡ ಶಾಲೆಗಳಲ್ಲಿ ಲೈಂಗಿಕ ಶಿಕ್ಷಣ ಕೂಡದು ಅಂತ ವರದಿ ಕೊಟ್ಟಿತು. ಸಮಿತಿಯ ಅಧ್ಯಕ್ಷರು ಆಗ ಕರ್ನಾಟಕದಿಂದಲೇ ಆಯ್ಕೆಯಾಗಿದ್ದ ವೆಂಕಯ್ಯ ನಾಯ್ಡು.

ಇದರ ಫಲ ನಮ್ಮ ಕ್ಲಾಸಿಗೂ ಬಂತು. ಹೈಸ್ಕೂಲಿನಲ್ಲಿ ಸಂತಾನೋತ್ಪತ್ತಿಯ ಪಾಠ ಬಂದ ದಿನ ನಮ್ಮ ಮೇಷ್ಟ್ರು "ಇದನ್ನ ಮನೇಲಿ ಓದ್ಕೊಳ್ರೋ" ಅಂದು ಮುಂದಿನ ಪಾಠಕ್ಕೆ ಹಾರಿದರು. ಹುಡುಗರೆಲ್ಲ ನಕ್ಕೆವು, ಹುಡುಗಿಯರು ತಲೆ ತಗ್ಗಿಸಿದರು. ಅವರನ್ನ ಬೈದು ಪ್ರಯೋಜನವಿಲ್ಲ ಬಿಡಿ, ಅವರಿಗಾದರೂ ಯಾರು ಹೇಳಿಕೊಟ್ಟಿದ್ದರು?

ಆದರೆ ನಗು ನಿಲ್ಲೋದು ಇಲ್ಲಿ. ಶಾಲೆಗಳಲ್ಲಿ ಈ ಪಾಠ ಬೇಡ ಅಂದ 2007ರಲ್ಲೇ ಕೇಂದ್ರದ ಮಹಿಳಾ ಮತ್ತು ಮಕ್ಕಳ ಇಲಾಖೆ ಒಂದು ಅಧ್ಯಯನ ಪ್ರಕಟಿಸಿತು. 13 ರಾಜ್ಯಗಳ ಹನ್ನೆರಡು ಸಾವಿರಕ್ಕೂ ಹೆಚ್ಚು ಮಕ್ಕಳನ್ನ ಮಾತಾಡಿಸಿದ್ದರು. ಅವರಲ್ಲಿ ಶೇ. 53.22 ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯ ಆಗಿದೆ ಅಂದಿದ್ದರು. ಅರ್ಧದಷ್ಟು ಪ್ರಕರಣಗಳಲ್ಲಿ ಮಾಡಿದವರು ಮಗುವಿಗೆ ಗೊತ್ತಿದ್ದವರೇ, ಮಗು ನಂಬಿದವರೇ. ಹೆಚ್ಚಿನ ಮಕ್ಕಳು ಯಾರಿಗೂ ಹೇಳಿರಲಿಲ್ಲ. ದೌರ್ಜನ್ಯದ ಅಪಾಯ ಎಲ್ಲರಿಗಿಂತ ಹೆಚ್ಚು ಇದ್ದದ್ದು 5ರಿಂದ 12 ವರ್ಷದವರಿಗೆ. ಅಂದ್ರೆ ಸರಿಯಾಗಿ ಪ್ರೈಮರಿ ಶಾಲೆಯ ವಯಸ್ಸು.

ಬಾಗಿಲು ಕೊನೆಗೂ ತೆರೆದದ್ದು ಕಾನೂನಿನಿಂದ. 2012ರ ನವೆಂಬರ್ 14ರಂದು ಪೋಕ್ಸೋ ಜಾರಿಗೆ ಬಂತು. ಮಗುವಿನ ಮೇಲೆ ದೌರ್ಜನ್ಯ ಆಗಿದೆ ಅಂತ ಗೊತ್ತಾದವರು, ಮೇಷ್ಟರಾಗಲಿ ನೆಂಟರಾಗಲಿ, ಪೊಲೀಸರಿಗೆ ತಿಳಿಸಲೇಬೇಕು. 2014ರಲ್ಲಿ ಬೆಂಗಳೂರಿನ ತಂದೆತಾಯಂದಿರು ಬೀದಿಗಿಳಿದ ಮೇಲಂತೂ ಒಳ್ಳೆಯ ಸ್ಪರ್ಶ, ಕೆಟ್ಟ ಸ್ಪರ್ಶ, 1098 ಇವೆಲ್ಲ ಶಾಲೆಗಳಲ್ಲಿ ಕೇಳೋ ಮಾತಾದವು. 2020ರಲ್ಲಿ ಬಂದ ಕೇಂದ್ರದ ಶಾಲಾ ಆರೋಗ್ಯ ಕಾರ್ಯಕ್ರಮದಲ್ಲಿ ಭಾವನೆ, ಗೆಳೆತನ, ಊಟ, ಇಂಟರ್ನೆಟ್ ಸುರಕ್ಷತೆ ಅಂತ ಹನ್ನೊಂದು ವಿಷಯಗಳಿವೆ. 2025ರ ಮಾರ್ಚ್‌ನಲ್ಲಿ ಸಚಿವ ಮಧು ಬಂಗಾರಪ್ಪ ಅವರು 8ರಿಂದ 12ನೇ ತರಗತಿವರೆಗೆ ಲೈಂಗಿಕ ಶಿಕ್ಷಣ ಕೊಡ್ತೀವಿ ಅಂತ ಘೋಷಿಸಿದರು. 2007ರಲ್ಲಿ ಬೇಡ ಅಂದ ರಾಜ್ಯ ಹದಿನೆಂಟು ವರ್ಷಕ್ಕೆ ಬೇಕು ಅಂದಿತು. ಸಂತೋಷವೇ. ಆದರೆ ಎಂಟನೇ ಕ್ಲಾಸಿನ ಮಗುವಿಗೆ ಹದಿಮೂರು ವರ್ಷ. ಅಪಾಯದ ವಯಸ್ಸು ಯಾವುದು ಅಂತ ಮೇಲೆ ಹೇಳಿದೆನಲ್ಲ.

ಇನ್ನೊಂದು ತೊಡಕಿದೆ, ಅದು ನಮ್ಮಂಥ ಕನ್ನಡ ಬರೆಯೋರಿಗೆ ಸಂಬಂಧಪಟ್ಟದ್ದು. ಪಾಠ ಮಾಡೋಕೆ ಪದ ಬೇಕು. ಮೂಗಿಗೆ ಮೂಗು, ಮೊಣಕಾಲಿಗೆ ಮೊಣಕಾಲು ಅಂತ ಕಲಿಸ್ತೀವಿ. ಅದೊಂದು ಜಾಗಕ್ಕೆ ಬಂದಾಗ ಪಠ್ಯಪುಸ್ತಕ 'ಜನನಾಂಗ' ಅನ್ನುತ್ತೆ, ಆರು ವರ್ಷದ ಮಗುವಿನ ನಾಲಿಗೆಗೆ ಅದು ಹೊರಳೋದಿಲ್ಲ. ಬೀದಿಯಲ್ಲಿ ಇರೋ ಪದಗಳೆಲ್ಲ ಬೈಗುಳ. ಮನೆಯಲ್ಲಿ 'ಶೇಮ್ ಶೇಮ್' ಅಂತೀವಿ, ಅಂದ್ರೆ ಹೆಸರೇ ನಾಚಿಕೆ! ನಾಚಿಕೆಯ ಹೆಸರಿಟ್ಟ ಜಾಗದಲ್ಲಿ ಏನಾದರೂ ಆದರೆ ಮಗು ಅದನ್ನ ಯಾವ ಬಾಯಲ್ಲಿ ಹೇಳೀತು? ಹೇಳಿದರೂ ಕೇಳಿದವರಿಗೆ ಅರ್ಥವಾಗಬೇಕಲ್ಲ?

ಕಂಪ್ಯೂಟರಿಗೆ ಗಣಕ, ಸಾಫ್ಟ್‌ವೇರಿಗೆ ತಂತ್ರಾಂಶ ಅಂತ ಹೆಸರು ಕೊಟ್ಟ ಭಾಷೆ ನಮ್ಮದು. ಮಗು ನಾಚದೆ ಹೇಳಬಹುದಾದ, ಮೇಷ್ಟ್ರು ನಗದೆ ಹಲಗೆಯ ಮೇಲೆ ಬರೆಯಬಹುದಾದ ನಾಲ್ಕು ಪದ ನಮ್ಮ ಊರೂರ ಆಡುಮಾತಿನಲ್ಲಿ ಇದ್ದೇ ಇರಬೇಕು. ನಿಮ್ಮ ಮನೆಯಲ್ಲಿ, ನಿಮ್ಮ ಕಡೆ ಏನಂತಾರೆ? ಹೇಳಿ, ಸಂಕೋಚ ಬೇಡ.