ಒಂದು ಚದರ ಮೀಟರ್ ಪಾಚಿ

1984ರಲ್ಲಿ ಮೊನಾಕೋದ ಸಾಗರ ವಸ್ತುಸಂಗ್ರಹಾಲಯದ ಕೆಳಗೆ, ಮೆಡಿಟರೇನಿಯನ್ ಸಮುದ್ರದ ತಳದಲ್ಲಿ, ಹಸಿರು ಪಾಚಿಯ ಒಂದು ತೇಪೆ ಕಾಣಿಸಿಕೊಂಡಿತು. ಅದರ ವಿಸ್ತಾರ ಸುಮಾರು ಒಂದು ಚದರ ಮೀಟರ್. ಮುಳುಗು ಹಾಕಬಲ್ಲ ಯಾರಾದರೂ ಒಂದು ಬೆಳಗ್ಗೆ ಕೈಯಿಂದಲೇ ಕಿತ್ತು ಚೀಲಕ್ಕೆ ತುಂಬಬಹುದಾಗಿದ್ದಷ್ಟು. ಯಾರೂ ಕೀಳಲಿಲ್ಲ. ಐದು ವರ್ಷಗಳ ನಂತರ ಅದು ಒಂದು ಹೆಕ್ಟೇರ್, ಅಂದರೆ ಸುಮಾರು ಎರಡೂವರೆ ಎಕರೆ ಜಾಗವನ್ನು ಹೊದ್ದು ಮಲಗಿತ್ತು.

ಕನ್ನಡದಲ್ಲಿ ಪಾಚಿ ಎಂದರೆ ಬಾವಿಕಟ್ಟೆಯ ಮೇಲೆ ಕಾಲು ಜಾರಿಸುವ ಲೋಳೆಯೂ ಹೌದು, ಕಡಲೊಳಗೆ ಗರಿ ಬಿಚ್ಚಿ ನಿಲ್ಲುವ ಆಳೆತ್ತರದ ಕಡಲಕಳೆಯೂ ಹೌದು. ಮೊದಲನೆಯದನ್ನು ತಿಕ್ಕಿ ತೆಗೆಯುತ್ತೇವೆ. ಎರಡನೆಯದನ್ನು ಉಪ್ಪುನೀರಿನ ಅಕ್ವೇರಿಯಂ ಇಟ್ಟವರು ಬೇಕೆಂದೇ ತಂದು ಹಾಕುತ್ತಾರೆ. ಈ ಅಭ್ಯಾಸ ಅಕ್ವೇರಿಯಂನಷ್ಟೇ ಹಳೆಯದು.

1846ರಲ್ಲಿ ಆನಾ ಥಿನ್ ಎಂಬ ಇಂಗ್ಲಿಷ್ ಮಹಿಳೆ ಟಾರ್ಕಿ ಕಡಲತೀರದಿಂದ ಜೀವಂತ ಹವಳದ ಜೀವಿಗಳನ್ನು ಲಂಡನ್ನಿಗೆ ತಂದರು. ಅವುಗಳಿಗೆ ಉಸಿರು ಸಿಗಲೆಂದು ಮನೆಯ ಕೆಲಸದಾಕೆ ದಿನವೂ ಅರ್ಧ ಮುಕ್ಕಾಲು ಗಂಟೆ ತೆರೆದ ಕಿಟಕಿಯ ಬಳಿ ನಿಂತು ಸಮುದ್ರದ ನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಹೊಯ್ಯಬೇಕಿತ್ತು. ಮರುವರ್ಷ ಅವರು ಆ ನೀರಿಗೆ ಕಡಲಕಳೆಯನ್ನು ಸೇರಿಸಿದರು. ಅದೇ ಹೊತ್ತಿಗೆ ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನಶಾಸ್ತ್ರಜ್ಞ ಸಿಹಿನೀರಿನ ತೊಟ್ಟಿಯಲ್ಲಿ ಮೀನು, ಸಸ್ಯ, ಬಸವನಹುಳು ಮೂರನ್ನೂ ಒಟ್ಟಿಗೆ ಇಟ್ಟು ಸಮತೋಲ ಸಾಧಿಸಿದ್ದನ್ನು 1850ರಲ್ಲಿ ಪ್ರಕಟಿಸಿದ. ಮುಂದೆ ಉಪ್ಪುನೀರಿನಲ್ಲೂ ಪ್ರಯತ್ನಿಸಿ, ಕಂದು ಮತ್ತು ಕೆಂಪು ಜಾತಿಗಳಿಗಿಂತ ಹಸಿರು ಕಡಲಕಳೆಯೇ ಈ ಕೆಲಸಕ್ಕೆ ಮೇಲೆಂದು ಕಂಡುಕೊಂಡ.

ಇದನ್ನು ಮನೆಮನೆಗೆ ಮುಟ್ಟಿಸಿದವನು ಫಿಲಿಪ್ ಹೆನ್ರಿ ಗಾಸ್. 1854ರಲ್ಲಿ ಬಂದ ಅವನ 'ದಿ ಅಕ್ವೇರಿಯಂ' ಪುಸ್ತಕ ಒಂದು ಸಣ್ಣ ಗುಟ್ಟನ್ನು ಹೇಳಿಕೊಟ್ಟಿತು. ಕಡಲಕಳೆಗೆ ನೆಲದೊಳಗಿನ ಬೇರಿಲ್ಲ, ಅದು ಬಂಡೆಗೆ ಅಂಟಿ ಬದುಕುತ್ತದೆ. ಆದ್ದರಿಂದ ಅದನ್ನು ಕಿತ್ತು ತರಬಾರದು, ಸುತ್ತಿಗೆ ಉಳಿ ಹಿಡಿದು ಹೋಗಿ ಬಂಡೆಯ ಚಕ್ಕೆಯ ಸಮೇತ ಎಬ್ಬಿಸಿ ತರಬೇಕು. ಓದುಗರು ಹಾಗೆಯೇ ಮಾಡಿದರು. ಅರ್ಧ ಶತಮಾನದ ನಂತರ ಗಾಸ್‌ನ ಮಗ ಎಡ್ಮಂಡ್ ತನ್ನ ಆತ್ಮಕಥನದಲ್ಲಿ, ತಂದೆಯ ಪುಸ್ತಕ ಓದಿ ಬಂದ ಸಂಗ್ರಾಹಕರ ದಂಡು ಇಂಗ್ಲೆಂಡಿನ ಬಂಡೆಗುಂಡಿಗಳನ್ನು ಬರಿದು ಮಾಡಿದ್ದನ್ನು ನೊಂದು ಬರೆದ. ತೊಟ್ಟಿಯ ಚೆಲುವಿಗೆ ಸಮುದ್ರ ಬೆಲೆ ತೆತ್ತದ್ದು ಅದೇ ಮೊದಲು. ಆಗ ನಷ್ಟವಾದದ್ದು ಸಮುದ್ರದಿಂದ ತೆಗೆದದ್ದರಿಂದ. ಮುಂದಿನ ಸಲ ಆಗಿದ್ದು ಸಮುದ್ರಕ್ಕೆ ಸೇರಿದ್ದರಿಂದ.

ಪಾಚಿಯ ಉಪಯೋಗ ಸರಳವಾದದ್ದು. ಮೀನಿನ ಹೇಲು, ತಿನ್ನದೆ ಉಳಿದ ಆಹಾರ ಕೊಳೆತು ಅಮೋನಿಯಾ ಆಗುತ್ತದೆ, ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೇಟ್ ಮಾಡುತ್ತವೆ. ನೈಟ್ರೇಟ್ ತೊಟ್ಟಿಯಲ್ಲೇ ಕೂಡುತ್ತಾ ಹೋಗುತ್ತದೆ. ಪಾಚಿ ಅದನ್ನೂ ಫಾಸ್ಫೇಟನ್ನೂ ಉಂಡು ಬೆಳೆಯುತ್ತದೆ. ಬೆಳೆದದ್ದನ್ನು ಕತ್ತರಿಸಿ ತೆಗೆದರೆ ಕಸವೇ ತೊಟ್ಟಿಯಿಂದ ಹೊರಹೋದಂತೆ. ಹೀಗಾಗಿ ಬೇಗ ಬೆಳೆಯುವ, ಸುಲಭಕ್ಕೆ ಸಾಯದ ಪಾಚಿಯೇ ಒಳ್ಳೆಯ ಪಾಚಿ.

ಜರ್ಮನಿಯ ಸ್ಟುಟ್‌ಗಾರ್ಟ್‌ನ ವಿಲ್ಹೆಲ್ಮಾ ಮೃಗಾಲಯದಲ್ಲಿ ಅಂಥದ್ದೊಂದಿತ್ತು: ಕಾಲರ್ಪಾ ಟ್ಯಾಕ್ಸಿಫೋಲಿಯಾ. ನೋಡಲು ಹಕ್ಕಿಯ ಗರಿಯಂತೆ ಚಂದ. ಇಡೀ ಗಿಡ ಹಲವು ನ್ಯೂಕ್ಲಿಯಸ್‌ಗಳಿರುವ ಒಂದೇ ಜೀವಕೋಶ. ಉಷ್ಣವಲಯದ್ದಾದರೂ ಈ ತಳಿ ಚಳಿಗೆ ಬಗ್ಗುತ್ತಿರಲಿಲ್ಲ. ಅಕ್ವೇರಿಯಂಗಳು ತಮ್ಮತಮ್ಮಲ್ಲಿ ಹಂಚಿಕೊಂಡವು, ನೆರೆಮನೆಯವರು ದಾಸವಾಳದ ಕಡ್ಡಿ ಹಂಚಿಕೊಳ್ಳುವಂತೆ. ಹಾಗೆ ಅದು 1980ರ ದಶಕದ ಆರಂಭದಲ್ಲಿ ಮೊನಾಕೋ ತಲುಪಿತು.

ನೀಸ್ ವಿಶ್ವವಿದ್ಯಾಲಯದ ಜೀವವಿಜ್ಞಾನಿ ಅಲೆಕ್ಸಾಂದ್ರ್ ಮೈನೆಸ್ 1989ರಲ್ಲಿ ಅಲ್ಲಿ ಮುಳುಗಿ ನೋಡಿ ಎಚ್ಚರಿಕೆ ಕೊಟ್ಟರು. ಮರುವರ್ಷವೇ ಅದು ಮೊನಾಕೋದ ಆಚೆ ಫ್ರಾನ್ಸಿನ ಕರಾವಳಿಯಲ್ಲಿ ಸಿಕ್ಕಿತು. ಸಣ್ಣ ತುಣುಕೊಂದು ದೋಣಿಯ ಲಂಗರಿಗೆ ಸಿಕ್ಕಿಕೊಂಡರೂ ಮುಂದಿನ ಬಂದರಿನಲ್ಲಿ ಹೊಸ ಗಿಡ. ಅದರಲ್ಲಿರುವ ವಿಷದಿಂದಾಗಿ ಅಲ್ಲಿನ ಹೆಚ್ಚಿನ ಜೀವಿಗಳು ಅದನ್ನು ತಿನ್ನುತ್ತಿರಲಿಲ್ಲ. ಮೀನುಮರಿಗಳಿಗೆ ತೊಟ್ಟಿಲಾದ ಪೊಸಿಡೋನಿಯಾ ಕಡಲಹುಲ್ಲಿನ ಬಯಲುಗಳ ಮೇಲೆ ಅದು ಹಬ್ಬತೊಡಗಿತು.

ಆಗ ನಡೆದದ್ದು ಕೀಳುವ ಕೆಲಸವಲ್ಲ, ವಾದ. ಸಂಗ್ರಹಾಲಯದ ಕಡೆಯವರು ಇದು ತಮ್ಮ ತೊಟ್ಟಿಯದ್ದಲ್ಲ, ಸೂಯೆಜ್ ಕಾಲುವೆ ದಾಟಿ ಬಂದಿರಬಹುದು, ಇಲ್ಲವೇ ಇಲ್ಲಿಯದೇ ಇನ್ನೊಂದು ಜಾತಿಯ ರೂಪಾಂತರವಿರಬಹುದು ಎಂದರು. ಪತ್ರಿಕೆಗಳು 'ಕೊಲೆಗಡುಕ ಪಾಚಿ' ಎಂದು ಹೆಸರಿಟ್ಟು ಹಬ್ಬಿಸಿದವು. ಅದು ಅಕ್ವೇರಿಯಂಗಳ ತಳಿಯೇ ಎಂದು ವಂಶವಾಹಿ ಪರೀಕ್ಷೆ ತೋರಿಸಿಕೊಟ್ಟದ್ದು 1998ರಲ್ಲಿ. ಅಷ್ಟರಲ್ಲಿ ಇಟಲಿ, ಸ್ಪೇನ್, ಕ್ರೊಯೇಷಿಯಾಗಳ ನೀರಿಗೂ ಅದು ಇಳಿದಾಗಿತ್ತು. ಯಾರ ತಪ್ಪು ಎಂದು ತೀರ್ಮಾನವಾಗುವವರೆಗೆ ಪಾಚಿ ಕಾಯಲಿಲ್ಲ. ಮುಂದೆ 2000ದ ನಂತರದ ವರ್ಷಗಳಲ್ಲಿ ಅದು ಹಲವೆಡೆ ತಾನಾಗಿಯೇ ಹಿಂದೆ ಸರಿಯಿತು. ಅದರಲ್ಲಿ ಮನುಷ್ಯರ ಪಾಲು ಹೆಚ್ಚೇನಿಲ್ಲ.

ಕ್ಯಾಲಿಫೋರ್ನಿಯಾ ಬೇರೆ ದಾರಿ ಹಿಡಿಯಿತು. 2000ದ ಜೂನ್‌ನಲ್ಲಿ ಕಾರ್ಲ್ಸ್‌ಬಾಡ್‌ನ ಆಗ್ವಾ ಎಡಿಯೊಂಡಾ ಹಿನ್ನೀರಿನಲ್ಲಿ ಕಡಲಹುಲ್ಲನ್ನು ಪರೀಕ್ಷಿಸುತ್ತಿದ್ದ ಮುಳುಗುಗಾರರಿಗೆ ಅದೇ ತಳಿ ಕಂಡಿತು. ಯಾವುದೋ ತೊಟ್ಟಿ ತೊಳೆದ ನೀರಿನೊಂದಿಗೆ ಬಂದಿರಬೇಕೆಂಬುದು ಊಹೆ. ಯಾರು ಚೆಲ್ಲಿದರೆಂದು ಹುಡುಕುತ್ತಾ ಕೂರದೆ, ಕೆಲವೇ ವಾರಗಳಲ್ಲಿ ಪ್ರತಿ ತೇಪೆಯ ಮೇಲೂ ದಪ್ಪ ಪ್ಲಾಸ್ಟಿಕ್ ಹೊದಿಸಿ, ಅಂಚು ಮುಚ್ಚಿ, ಒಳಗೆ ಕ್ಲೋರಿನ್ ಬಿಟ್ಟರು. ಒಳಗಿದ್ದ ಬೇರೆ ಜೀವಿಗಳೂ ಸತ್ತವು. ಆ ನಷ್ಟವನ್ನು ಒಪ್ಪಿಕೊಂಡೇ ಮಾಡಿದ ಕೆಲಸ ಅದು. 2001ರಲ್ಲಿ ರಾಜ್ಯವು ಕಾಲರ್ಪಾದ ಒಂಬತ್ತು ಜಾತಿಗಳನ್ನು ಮಾರುವುದನ್ನೂ ಇಟ್ಟುಕೊಳ್ಳುವುದನ್ನೂ ನಿಷೇಧಿಸಿತು. 2006ರಲ್ಲಿ ಪೂರ್ತಿ ನಿರ್ಮೂಲವಾಯಿತೆಂದು ಘೋಷಣೆಯಾಯಿತು. ಖರ್ಚು ಸುಮಾರು 70 ಲಕ್ಷ ಡಾಲರ್.

ಭಾರತದ ಉದಾಹರಣೆ ಅಕ್ವೇರಿಯಂನದ್ದಲ್ಲ, ಕೃಷಿಯದ್ದು. ಐಸ್‌ಕ್ರೀಮಿನಿಂದ ಟೂತ್‌ಪೇಸ್ಟಿನವರೆಗೆ ಬಳಕೆಯಾಗುವ ಕ್ಯಾರಜೀನನ್‌ಗಾಗಿ ಹೊರದೇಶದಿಂದ ತಂದು ಬೆಳೆದ ಕಪ್ಪಾಫೈಕಸ್ ಎಂಬ ಕಡಲಕಳೆ, ಮನ್ನಾರ್ ಕೊಲ್ಲಿಯ ಕುರುಸಡೈ ದ್ವೀಪದಲ್ಲಿ ಹವಳಗಳ ಮೇಲೆ ಹಬ್ಬಿರುವುದನ್ನು 2008ರಲ್ಲಿ ಸಂಶೋಧಕರು ವರದಿ ಮಾಡಿದರು. ಅದೇ ಕೃಷಿ ಮಂಡಪಂ ಸುತ್ತಲಿನ ಮೀನುಗಾರ ಹೆಂಗಸರಿಗೆ ದುಡಿಮೆಯನ್ನೂ ಕೊಟ್ಟಿತ್ತು. ಹೀಗಾಗಿ ಅಲ್ಲಿ ಪ್ರಶ್ನೆ ಬರೀ ಹವಳದ್ದಲ್ಲ.

ಅಕ್ವೇರಿಯಂ ಹವ್ಯಾಸಿಗಳು ಪಾಚಿಯನ್ನು ಬಿಟ್ಟಿಲ್ಲ, ಬಿಡಬೇಕಾಗಿಯೂ ಇಲ್ಲ. ಅನೇಕರು ಕಾಲರ್ಪಾದ ಬದಲು ಕೀಟೊಮಾರ್ಫಾ ಇಡುತ್ತಾರೆ. ಅದು ಸಿಕ್ಕುಗಟ್ಟಿದ ಹಸಿರು ಕೂದಲಿನ ಉಂಡೆಯಂತಿದ್ದು, ಎಲ್ಲಿಗೂ ಅಂಟಿಕೊಳ್ಳುವುದಿಲ್ಲ, ಕೈಯಲ್ಲಿ ಎತ್ತಿ ಅರ್ಧ ಹರಿದು ತೆಗೆಯಬಹುದು. ಮುಖ್ಯ ತೊಟ್ಟಿಯ ಪಕ್ಕದ ಪುಟ್ಟ ತೊಟ್ಟಿಯಲ್ಲಿ ಅದನ್ನಿಟ್ಟು ರಾತ್ರಿ ದೀಪ ಹಾಕುತ್ತಾರೆ. ಹರಿದು ತೆಗೆದದ್ದನ್ನು ಚರಂಡಿಗೋ ಕಡಲಿಗೋ ಎಸೆಯದೆ, ಫ್ರೀಜರಿನಲ್ಲಿಟ್ಟು ಕೊಂದು ಕಸಕ್ಕೆ ಹಾಕುವುದು ರೂಢಿಯ ಸಲಹೆ. 2021ರಲ್ಲಿ ಕ್ಯಾಲಿಫೋರ್ನಿಯಾದ ನ್ಯೂಪೋರ್ಟ್ ಕೊಲ್ಲಿಯಲ್ಲಿ ಕಾಲರ್ಪಾದ ಇನ್ನೊಂದು ಜಾತಿ ಕಾಣಿಸಿತು. ಆ ಸಲ ಮುಳುಗುಗಾರರು ನೀರಿಗಿಳಿದು, ಅದನ್ನು ಹೀರುಕೊಳವೆಯಿಂದ ಎಳೆದು ತೆಗೆದರು.