ವಸತಿ ಸಮುಚ್ಚಯದ ಮನೆಗೆ ಮಿತವ್ಯಯದ ಹೋಮ್ ಥಿಯೇಟರ್: ಆಯ್ಕೆಗೆ ಮುನ್ನ ತಿಳಿದಿರಬೇಕಾದ ಸಂಗತಿಗಳು

ಗೋಡೆಗೆ ಅಂಟಿಕೊಂಡಂತೆ ತೂಗುವ ಇಂದಿನ ಟಿವಿಗಳ ಪರದೆ ಹಿಗ್ಗಿದಷ್ಟೂ ಒಡಲು ತೆಳ್ಳಗಾಗುತ್ತ ಬಂದಿದೆ. ಹಳೆಯ ಪೆಟ್ಟಿಗೆಯಂತಹ ಟಿವಿಯಲ್ಲಿ ಸ್ಪೀಕರಿಗೆ ಸಾಕಷ್ಟು ಅವಕಾಶವಿತ್ತು. ಅದು ಬಹುಮಟ್ಟಿಗೆ ನೋಡುಗನತ್ತಲೇ ಮುಖ ಮಾಡಿರುತ್ತಿತ್ತು. ಈಗಿನ ಬಹುತೇಕ ಟಿವಿಗಳಲ್ಲಿ ಪುಟ್ಟ ಸ್ಪೀಕರುಗಳು ಕೆಳಮುಖವಾಗಿಯೋ ಗೋಡೆಯ ಕಡೆಗೋ ತಿರುಗಿಕೊಂಡಿರುತ್ತವೆ. ಚಿತ್ರ ಸ್ಫುಟ, ಮಾತು ಅಸ್ಪಷ್ಟ ಎಂಬ ದೂರು ಹುಟ್ಟುವುದು ಇಲ್ಲಿಂದಲೇ. ಮನೆಯ ಹಿರಿಯರು "ಏನಂದ?" ಎಂದು ಪದೇ ಪದೇ ಕೇಳುವುದಕ್ಕೆ ಯಾವಾಗಲೂ ಅವರ ಕಿವಿಯೇ ಕಾರಣವಲ್ಲ. ಮುಂಬಯಿ, ಪುಣೆಯಂತಹ ನಗರಗಳಲ್ಲಿ ಕನ್ನಡ ಚಿತ್ರಗಳು ಹೆಚ್ಚಾಗಿ ದೂರದ ಮಲ್ಟಿಪ್ಲೆಕ್ಸಿನಲ್ಲಿ ಒಂದೆರಡು ಪ್ರದರ್ಶನ ಕಂಡು ಮರಳುವುದರಿಂದ, ಹೊರನಾಡ ಕನ್ನಡಿಗರಲ್ಲಿ ಅನೇಕರಿಗೆ ಮನೆಯ ಪಡಸಾಲೆಯೇ ಚಿತ್ರಮಂದಿರ. ಅಲ್ಲಿ ಕನ್ನಡದ ಮಾತು ಸ್ಪಷ್ಟವಾಗಿ ಕೇಳಬೇಕೆಂಬುದು ಸಣ್ಣ ಅಪೇಕ್ಷೆಯೇನಲ್ಲ.

ಅಂಗಡಿಗಳಲ್ಲಿ ಮೊದಲು ಕಿವಿಗೆ ಬೀಳುವ ಸಂಖ್ಯೆ 5.1. ಇದರಲ್ಲಿ 5 ಎಂದರೆ ಮುಂದಿನ ಎಡ, ಬಲ, ನಡುವಣ ಹಾಗೂ ಹಿಂಬದಿಯ ಎಡ, ಬಲ ಸ್ಪೀಕರುಗಳು. 1 ಎಂದರೆ ಗಂಭೀರ ಸ್ವರಗಳಿಗೆಂದೇ ಮೀಸಲಾದ ಸಬ್‌ವೂಫರ್. ಈ ಐದರಲ್ಲಿ ಯಜಮಾನಿಕೆ ನಡುವಣ ಸ್ಪೀಕರಿನದು. ಸಂಭಾಷಣೆಯ ಬಹುಪಾಲು ಅಲ್ಲಿಂದಲೇ ಬರುತ್ತದೆ. 1992ರಲ್ಲಿ 'ಬ್ಯಾಟ್‌ಮನ್ ರಿಟರ್ನ್ಸ್' ಚಿತ್ರದೊಂದಿಗೆ ಡಾಲ್ಬಿ ಡಿಜಿಟಲ್ ರೂಪದಲ್ಲಿ ಚಿತ್ರಮಂದಿರ ಪ್ರವೇಶಿಸಿದ ಈ ಏರ್ಪಾಡನ್ನು ಮುಂದೆ ಡಿವಿಡಿ ತಟ್ಟೆಗಳು ಮನೆಮನೆಗೆ ತಂದವು. 2012ರಲ್ಲಿ ಡಾಲ್ಬಿ ಆಟ್ಮಾಸ್ ಬಂದ ಮೇಲೆ ನೆತ್ತಿಯ ಮೇಲಿನಿಂದಲೂ ಧ್ವನಿ ಬರುವಂತಾಯಿತು. 5.1.2 ಎಂಬಲ್ಲಿನ ಕೊನೆಯ ಅಂಕಿ ಆ ಮೇಲ್ದಿಕ್ಕಿನ ಸ್ಪೀಕರುಗಳನ್ನು ಸೂಚಿಸುತ್ತದೆ. ಮಿತವ್ಯಯದ ಆಲೋಚನೆಯುಳ್ಳವರು ಅದರ ಗೊಡವೆಗೆ ಹೋಗದಿರುವುದೇ ಲೇಸು. ಕಡಿಮೆ ಬೆಲೆಯ ಪೆಟ್ಟಿಗೆಯ ಮೇಲಿರುವ 'ಆಟ್ಮಾಸ್' ಎಂಬ ಮುದ್ರೆ ಎಷ್ಟೋ ವೇಳೆ ಧ್ವನಿಯನ್ನು ಸ್ವೀಕರಿಸಬಲ್ಲೆ ಎನ್ನುತ್ತದೆಯೇ ಹೊರತು ಅದಕ್ಕೆ ತಕ್ಕ ಸ್ಪೀಕರ್ ಇದೆ ಎನ್ನುವುದಿಲ್ಲ.

ತಾವು ಕೇಳುವುದೇನು ಎಂಬುದರ ಮೇಲೆ ಆಯ್ಕೆ ನಿಲ್ಲಬೇಕು. 1972ರ 'ಬಂಗಾರದ ಮನುಷ್ಯ', 'ನಾಗರಹಾವು'ಗಳ ಕಾಲದ ಚಿತ್ರಗಳ ಧ್ವನಿ ಒಂದೇ ವಾಹಿನಿಯದು. ಅವನ್ನು ಐದು ಸ್ಪೀಕರುಗಳಿಗೆ ಹಂಚಿದರೆ ಹೊಸದೇನೂ ಹುಟ್ಟುವುದಿಲ್ಲ. ಶಾಸ್ತ್ರೀಯ ಸಂಗೀತದ ಧ್ವನಿಮುದ್ರಿಕೆಗಳಿಗೆ ಎರಡು ಉತ್ತಮ ಸ್ಪೀಕರುಗಳೇ ಸಾಕು. ಯಕ್ಷಗಾನ ಪ್ರಿಯರು ಇನ್ನೊಂದನ್ನು ಗಮನಿಸಬೇಕು: ಚೆಂಡೆಯ ಪೆಟ್ಟು ಹರಿತವಾದುದು, ಅಗ್ಗದ ಸ್ಪೀಕರಿನಲ್ಲಿ ಅದು ತಗಡು ಬಡಿದಂತೆ ಕೇಳಿ ಭಾಗವತರ ಸ್ವರವನ್ನೇ ನುಂಗುತ್ತದೆ. ಕೊಳ್ಳುವ ಮುನ್ನ ಅಂಗಡಿಯವನ ಸ್ಫೋಟದ ತುಣುಕನ್ನು ಬದಿಗಿರಿಸಿ, ತಮಗೆ ಚೆನ್ನಾಗಿ ಪರಿಚಯವಿರುವ ಒಂದು ಪ್ರಸಂಗವನ್ನೋ ಹಾಡನ್ನೋ ಮೊಬೈಲಿನಿಂದ ನುಡಿಸಿ ಕೇಳುವುದು ಒಳ್ಳೆಯದು. ಕಾಂತಾರದಂತಹ ಹೊಸ ಚಿತ್ರಗಳನ್ನು ಆಸ್ವಾದಿಸುವ ಮನೆಗಳಿಗೆ ಮಾತ್ರ ಹಿಂಬದಿಯ ಸ್ಪೀಕರುಗಳು ನಿಜವಾಗಿ ಉಪಯುಕ್ತ.

ಅದಕ್ಕೂ ಜಾಗದ ಮಿತಿಯುಂಟು. ಮುಂದಿನ ಎಡ-ಬಲ ಸ್ಪೀಕರುಗಳು ಕೇಳುಗನ ನೇರದಿಂದ ಸುಮಾರು 30 ಡಿಗ್ರಿ ಓರೆಯಲ್ಲಿಯೂ ಹಿಂಬದಿಯವು 100ರಿಂದ 120 ಡಿಗ್ರಿಯಲ್ಲಿಯೂ ಇರಬೇಕೆಂಬುದು ಅಂತರರಾಷ್ಟ್ರೀಯ ಶಿಫಾರಸು. ಅಂದರೆ ಅವು ಕಿವಿಗಳಿಗಿಂತ ತುಸು ಹಿಂದೆ, ಪಕ್ಕದಲ್ಲಿರಬೇಕು. ಹತ್ತಡಿ ಅಗಲದ ಪಡಸಾಲೆಯಲ್ಲಿ ಸೋಫಾ ಹಿಂದಿನ ಗೋಡೆಗೆ ಒರಗಿರುತ್ತದೆ. ಒಂದು ಪಕ್ಕ ಅಡುಗೆಮನೆಯ ಬಾಗಿಲು, ಇನ್ನೊಂದು ಪಕ್ಕ ಕಿಟಕಿ. ಇಂತಹ ಕಡೆ ಹಿಂಬದಿಯ ಸ್ಪೀಕರಿಗೆ ನೆಲೆಯೇ ಇಲ್ಲದಿದ್ದರೆ ಅದೇ ಹಣಕ್ಕೆ ಸಬ್‌ವೂಫರ್ ಸಹಿತವಾದ 3.1 ಅಥವಾ 2.1 ಸೌಂಡ್‌ಬಾರ್ ಕೊಳ್ಳುವುದು ವಿವೇಕ. ಸೋಫಾದ ಇಕ್ಕೆಲಗಳಲ್ಲಿ ಗೋಡೆಯಿದ್ದು ಮೊಳೆ ಹೊಡೆಯುವ ಅನುಮತಿಯೂ ಇದ್ದರೆ, ಸೋನಿ, ಜೆಬಿಎಲ್, ಚೆನ್ನೈ ಮೂಲದ ಝೆಬ್ರಾನಿಕ್ಸ್ ಮೊದಲಾದವರು ಮಾರುವ ಸಿದ್ಧ 5.1 ಜೋಡಣೆಗಳನ್ನು ನೋಡಬಹುದು. ಪ್ರತ್ಯೇಕ ರಿಸೀವರ್ ಮತ್ತು ಬಿಡಿ ಸ್ಪೀಕರುಗಳ ಮಾರ್ಗ ನಿಸ್ಸಂಶಯವಾಗಿ ಶ್ರೇಷ್ಠ. ಆದರೆ ಅದು ಮಿತವ್ಯಯದ ಗೆರೆಯನ್ನು ದಾಟಿಬಿಡುತ್ತದೆ.

ಅಗ್ಗದ 5.1 ಜೋಡಣೆಗಳಲ್ಲಿ ಗ್ರಾಹಕರು ಹೆಚ್ಚಾಗಿ ಎಡವುವುದು ಸಂಪರ್ಕದ ವಿಷಯದಲ್ಲಿ. ಐದು ಸ್ಪೀಕರುಗಳಿದ್ದ ಮಾತ್ರಕ್ಕೆ ಐದು ವಾಹಿನಿಗಳ ಧ್ವನಿ ಬರುವುದಿಲ್ಲ. ಆಕ್ಸ್ ತಂತಿ ಮತ್ತು ಬ್ಲೂಟೂತ್ ಮಾತ್ರವಿರುವ ಪೆಟ್ಟಿಗೆಗೆ ತಲುಪುವುದು ಎರಡೇ ವಾಹಿನಿಗಳು. ಅದನ್ನೇ ಅದು ಐದಾಗಿ ನಕಲು ಮಾಡಿ ಕೊಡುತ್ತದೆ. ಬ್ಲೂಟೂತಿನಲ್ಲಿ ತುಟಿಯ ಚಲನೆಗೂ ಮಾತಿಗೂ ಹೊಂದಿಕೆ ತಪ್ಪುವ ಕಾಟ ಬೇರೆ. ಆದುದರಿಂದ ಪೆಟ್ಟಿಗೆಯ ಹಿಂಭಾಗದಲ್ಲಿ 'ಎಚ್‌ಡಿಎಂಐ ಎಆರ್‌ಸಿ' ಎಂಬ ರಂಧ್ರವಿದೆಯೇ, ಒಳಗೆ ಡಾಲ್ಬಿ ಡಿಜಿಟಲ್ ಧ್ವನಿಯನ್ನು ಬಿಡಿಸುವ ಸಾಮರ್ಥ್ಯವಿದೆಯೇ ಎಂದು ಮೊದಲು ವಿಚಾರಿಸತಕ್ಕದ್ದು. 2009ರಲ್ಲಿ ಬಂದ ಈ ಎಆರ್‌ಸಿ ವ್ಯವಸ್ಥೆಯಲ್ಲಿ ಒಂದೇ ತಂತಿಯಿಂದ ಕೆಲಸ ಮುಗಿಯುತ್ತದೆ, ಟಿವಿಯ ರಿಮೋಟಿನಿಂದಲೇ ಧ್ವನಿಯನ್ನು ಏರಿಸಿ ಇಳಿಸಬಹುದು. ಟಿವಿಯಲ್ಲಿಯೂ ಎಆರ್‌ಸಿ ಎಂದು ಬರೆದಿರುವ ರಂಧ್ರಕ್ಕೇ ತಂತಿ ಸೇರಿಸಬೇಕು. ಹಳೆಯ ಟಿವಿಯಾದರೆ ಆಪ್ಟಿಕಲ್ ತಂತಿ ಸಾಕು, ಅದರಲ್ಲಿಯೂ 5.1 ಡಾಲ್ಬಿ ಡಿಜಿಟಲ್ ಸಾಗುತ್ತದೆ. ಇಷ್ಟೆಲ್ಲ ಆದ ಮೇಲೂ ಟಿವಿಯ ಧ್ವನಿ ಆಯ್ಕೆಯಲ್ಲಿ 'ಪಿಸಿಎಂ' ಎಂದಿದ್ದರೆ ಸಾಮಾನ್ಯವಾಗಿ ಎರಡೇ ವಾಹಿನಿಗಳು ಹೊರಬರುತ್ತವೆ. ಅದನ್ನು 'ಆಟೋ' ಅಥವಾ 'ಪಾಸ್ ಥ್ರೂ' ಎಂದು ಬದಲಿಸಬೇಕು.

ವ್ಯಾಟುಗಳ ಜಾಹೀರಾತಿಗೆ ಮರುಳಾಗಬಾರದು. ಪಿಎಂಪಿಒ ಎಂಬ ಹೆಸರಿನಲ್ಲಿ ಸಾವಿರಾರು ವ್ಯಾಟ್ ಎಂದು ಮುದ್ರಿಸುವ ಸಂಖ್ಯೆಗೆ ಯಾವ ಮಾನದಂಡವೂ ಇಲ್ಲ. ಆರ್‌ಎಂಎಸ್ ಸಂಖ್ಯೆಯನ್ನಷ್ಟೇ ಪರಿಗಣಿಸಬೇಕು. ಅದು ಇಮ್ಮಡಿಯಾದರೂ ಧ್ವನಿ ಏರುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಎರಡರಷ್ಟು ಜೋರೆನಿಸಲು ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು. ಸಾಧಾರಣ ಸ್ಪೀಕರ್ ಒಂದು ವ್ಯಾಟಿಗೆ ಒಂದು ಮೀಟರ್ ದೂರದಲ್ಲಿ 85 ಡೆಸಿಬೆಲಿನಷ್ಟು ನುಡಿಯುತ್ತದೆ. ನಮ್ಮ ಪಡಸಾಲೆಗಳಿಗೆ ಬೇಕಾದುದು ಬೆರಳೆಣಿಕೆಯ ವ್ಯಾಟುಗಳು.

ಇನ್ನು ಸಬ್‌ವೂಫರ್. ವಸತಿ ಸಮುಚ್ಚಯಗಳಲ್ಲಿ ನೆರೆಹೊರೆಯ ಸೌಹಾರ್ದವನ್ನು ಕೆಡಿಸುವ ವಸ್ತು ಇದೇ. ಸಾವಿರ ಹರ್ಟ್ಸ್ ಸ್ವರದ ತರಂಗ ಒಂದಡಿಗಿಂತ ಕೊಂಚ ಉದ್ದವಿದ್ದರೆ 40 ಹರ್ಟ್ಸ್ ಸ್ವರದ ತರಂಗದ ಉದ್ದ ಸುಮಾರು 28 ಅಡಿ. ಸಾಧಾರಣ ಇಟ್ಟಿಗೆ ಗೋಡೆ ಮಾತನ್ನು ತಡೆದೀತು, ಇದನ್ನು ತಡೆಯದು. ಜೊತೆಗೆ ಪೆಟ್ಟಿಗೆಯ ಕಂಪನ ನೇರವಾಗಿ ನೆಲಕ್ಕಿಳಿದು ಕಾಂಕ್ರೀಟಿನ ಮೂಲಕ ಕೆಳಮನೆಯ ಮಂಚದವರೆಗೂ ಸಾಗುತ್ತದೆ. ನಾವು ಸಂತೋಷದಿಂದ ನೋಡುವ ಚಿತ್ರದ ಕಥೆ, ಮಾತು, ಹಾಡು ಯಾವುದೂ ತಲುಪದೆ ಬರಿಯ ಗುಡುಗಷ್ಟೇ ತಲುಪುವ ಆ ಮನೆಯಲ್ಲಿ ಹೃದ್ರೋಗಿಯೋ ಪರೀಕ್ಷೆಗೆ ಓದುವ ಮಗುವೋ ಇರಬಹುದು. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ 45 ಡೆಸಿಬೆಲ್ ಮಿತಿ ವಿಧಿಸಿವೆ. ಆದರೆ ಇಲ್ಲೊಂದು ಸೂಕ್ಷ್ಮವಿದೆ. ಈ ಅಳತೆಯ ಮಾಪಕ ಮನುಷ್ಯನ ಕಿವಿಯನ್ನು ಅನುಸರಿಸಿ ಗಂಭೀರ ಸ್ವರಗಳನ್ನು ತಗ್ಗಿಸಿಯೇ ಎಣಿಸುತ್ತದೆ. 40 ಹರ್ಟ್ಸ್‌ನಲ್ಲಿ ಆ ಕಡಿತ ಸುಮಾರು 35 ಡೆಸಿಬೆಲ್. ಮೊಬೈಲಿನ ಆ್ಯಪ್ ತೋರಿಸಿ "ಮಿತಿಯೊಳಗೇ ಇದ್ದೇವೆ" ಎಂದು ಸೊಸೈಟಿಯ ಸಭೆಯಲ್ಲಿ ವಾದಿಸುವವರ ಮಾತು ಅಂಕಿಯಲ್ಲಿ ಸರಿಯಿದ್ದೀತು, ಕೆಳಮನೆಯವರ ಎದೆಗೆ ಅದು ಒಪ್ಪಿತವಲ್ಲ.

ಸಬ್‌ವೂಫರನ್ನು ಮೂಲೆಗೆ ತಳ್ಳಿದರೆ ಗುಡುಗು ಹಿಗ್ಗುತ್ತದೆ, ಸ್ಪಷ್ಟತೆ ಕುಗ್ಗುತ್ತದೆ. ಸರಿಯಾದ ತಾಣ ಹುಡುಕಲು ಸುಲಭೋಪಾಯವೊಂದಿದೆ: ಪೆಟ್ಟಿಗೆಯನ್ನು ಕ್ಷಣಕಾಲ ಸೋಫಾದ ಜಾಗದಲ್ಲಿಯೇ ಇಟ್ಟು ಮದ್ದಳೆ ಅಥವಾ ಮೃದಂಗದ ನುಡಿತವನ್ನು ಹಾಕಿ, ಗೋಡೆಯ ಅಂಚಿನಲ್ಲಿ ಬಗ್ಗಿ ನಡೆಯುತ್ತ ಕೇಳಬೇಕು. ನಾದ ಎಲ್ಲಿ ತುಂಬಿಯೂ ಬಿಡಿಯಾಗಿಯೂ ಕೇಳುವುದೋ ಅಲ್ಲಿ ಪೆಟ್ಟಿಗೆ ನೆಲೆಸಲಿ. ಕೆಳಗೆ ದಪ್ಪನೆಯ ರಬ್ಬರ್ ಅಥವಾ ಫೋಮ್ ಹಾಸಿದರೆ ನೆಲಕ್ಕಿಳಿಯುವ ಕಂಪನ ತಗ್ಗುತ್ತದೆ, ಗಾಳಿಯಲ್ಲಿ ಹೋಗುವುದು ತಗ್ಗುವುದಿಲ್ಲ. ಸಬ್‌ವೂಫರಿನ ಧ್ವನಿಯನ್ನು ಪ್ರತ್ಯೇಕವಾಗಿ ಇಳಿಸುವ ಗುಂಡಿಯೂ, ಪಿಸುಮಾತಿಗೂ ಸ್ಫೋಟಕ್ಕೂ ನಡುವಿನ ಅಂತರವನ್ನು ಕಿರಿದುಗೊಳಿಸುವ 'ನೈಟ್ ಮೋಡ್' ಸೌಲಭ್ಯವೂ ಇರುವ ಮಾದರಿಯನ್ನೇ ಆರಿಸಿಕೊಳ್ಳಿ. ನೂರು ವ್ಯಾಟ್ ಕಡಿಮೆಯಾದರೂ ಚಿಂತೆಯಿಲ್ಲ. ನುಣುಪು ಟೈಲ್ಸ್ ನೆಲದ ಪ್ರತಿಧ್ವನಿಗೆ ಒಂದು ಜಮಖಾನ, ದಪ್ಪ ಪರದೆ, ತುಂಬಿದ ಪುಸ್ತಕದ ಕಪಾಟು ಸಾಕು.

ಹಣದ ಬಗ್ಗೆ, ವೃತ್ತಿಯ ಅಭ್ಯಾಸದಿಂದ, ಒಂದು ಮಾತು. ಬಡ್ಡಿಯಿಲ್ಲದ ಸಾಲವೆಂಬುದು ವಾಸ್ತವದಲ್ಲಿಲ್ಲ ಎಂದು ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರಿನಲ್ಲಿಯೇ ಬ್ಯಾಂಕುಗಳಿಗೆ ಸ್ಪಷ್ಟಪಡಿಸಿತ್ತು. 'ನೋ ಕಾಸ್ಟ್' ಕಂತಿನಲ್ಲಿ ಬಡ್ಡಿಯ ಮೊತ್ತವನ್ನು ರಿಯಾಯಿತಿಯ ರೂಪದಲ್ಲಿ ಬೆಲೆಯಿಂದ ಕಳೆದಿರುತ್ತಾರೆ. ಒಟ್ಟಿಗೆ ಪಾವತಿಸುವವರಿಗೆ ಆ ರಿಯಾಯಿತಿ ದೊರಕುವುದೇ ಎಂದು ಕೇಳಬೇಕು. ಕ್ರೆಡಿಟ್ ಕಾರ್ಡಿನ ಕಂತಾದರೆ ಬಡ್ಡಿಯ ಮೇಲಿನ ಜಿಎಸ್‌ಟಿ ಗ್ರಾಹಕನ ತಲೆಗೇ ಬರುತ್ತದೆ, ಸಂಸ್ಕರಣಾ ಶುಲ್ಕವೂ ಇರಬಹುದು.

'ವೈರ್‌ಲೆಸ್' ಎಂಬ ಹಿಂಬದಿಯ ಸ್ಪೀಕರುಗಳಿಗೂ ವಿದ್ಯುತ್ ಬೇಕು. ಕಡಿಮೆ ಬೆಲೆಯ ಹಲವು ಮಾದರಿಗಳಲ್ಲಿ ಸೋಫಾದ ಹಿಂದೆ ಒಂದು ಪುಟ್ಟ ಆಂಪ್ಲಿಫೈಯರ್ ಪೆಟ್ಟಿಗೆ ಕುಳಿತು, ಅಲ್ಲಿಂದ ಎರಡೂ ಸ್ಪೀಕರುಗಳಿಗೆ ತಂತಿ ಹೋಗುತ್ತದೆ. ಸೋಫಾದ ಹಿಂದೆ ಪ್ಲಗ್ ಪಾಯಿಂಟ್ ಇದೆಯೇ ಎಂದು ಅಂಗಡಿಗೆ ಹೊರಡುವ ಮೊದಲೇ ನೋಡಿಕೊಂಡು, ಟಿವಿಯಿಂದ ಅಲ್ಲಿಯವರೆಗೆ ಗೋಡೆಯಂಚಿನ ಉದ್ದವನ್ನು ಟೇಪಿನಲ್ಲಿ ಅಳೆದು ಬರೆದಿಟ್ಟುಕೊಳ್ಳಿ. ಪೆಟ್ಟಿಗೆಯೊಡನೆ ಬರುವ ತಂತಿ ಬಾಗಿಲ ಚೌಕಟ್ಟನ್ನು ಸುತ್ತಿ ಬರುವಷ್ಟು ಉದ್ದವಿರುವುದು ಅಪರೂಪ.