ಎಸೆಯಲು ಕಲಿತ ಕಾಲ

ನಮ್ಮಜ್ಜಿ ಹಾಲಿನ ಕವರನ್ನು ತೊಳೆದು ಬಟ್ಟೆ ಒಣಹಾಕುವ ತಂತಿಗೆ ಸಿಕ್ಕಿಸುತ್ತಿದ್ದಳು. ಅಡುಗೆ ಎಣ್ಣೆಯ ಕ್ಯಾನು ಖಾಲಿಯಾದ ಮೇಲೆ ನೀರು ತುಂಬಿಡಲು ಬರುತ್ತಿತ್ತು. ಬಿರುಕು ಬಿಟ್ಟರೆ ದೊಡ್ಡಪತ್ರೆಯ ಕುಂಡವಾಗುತ್ತಿತ್ತು. ಕೊನೆಗೆ ಗುಜರಿಯವನ ಗಾಡಿ ಸೇರುತ್ತಿತ್ತು. ನಾವು ಮೊಮ್ಮಕ್ಕಳು ಇದನ್ನು ಜಿಪುಣತನವೆಂದು ನಗುತ್ತಿದ್ದೆವು. ಪ್ಲಾಸ್ಟಿಕ್ಕಿನ ಇತಿಹಾಸ ಓದತೊಡಗಿದ ಮೇಲೆ ಆ ನಗು ನಿಂತಿದೆ.

ಆರಂಭದಲ್ಲಿ ಪ್ಲಾಸ್ಟಿಕ್ ಎಸೆಯುವ ವಸ್ತುವಾಗಿರಲಿಲ್ಲ. 1860ರ ದಶಕದಲ್ಲಿ ಅಮೆರಿಕದಲ್ಲಿ ಬಿಲಿಯರ್ಡ್ಸ್ ಚೆಂಡಿಗೆ ಆನೆಯ ದಂತದ ಬದಲು ಬೇರೇನಾದರೂ ಸಿಕ್ಕೀತೇ ಎಂದು ಹುಡುಕುವಾಗ ಜಾನ್ ವೆಸ್ಲಿ ಹಯಾಟ್ ಸೆಲ್ಯುಲಾಯ್ಡ್ ರೂಪಿಸಿದ. 1907ರಲ್ಲಿ ಲಿಯೋ ಬೇಕ್‌ಲ್ಯಾಂಡ್ ಬೇಕಲೈಟ್ ತಯಾರಿಸಿದ. ಅದರಿಂದಾದ ಸ್ವಿಚ್ಚು, ಟೆಲಿಫೋನು, ರೇಡಿಯೋ ಪೆಟ್ಟಿಗೆಗಳನ್ನು ಜನ ದಶಕಗಳ ಕಾಲ ಜೋಪಾನ ಮಾಡಿದರು. 1933ರಲ್ಲಿ ಇಂಗ್ಲೆಂಡಿನ ಪ್ರಯೋಗಾಲಯವೊಂದರಲ್ಲಿ ಆಕಸ್ಮಿಕವಾಗಿ ಸಿಕ್ಕ ಪಾಲಿಥೀನ್ ಎರಡನೇ ಮಹಾಯುದ್ಧದಲ್ಲಿ ರೇಡಾರ್ ಕೇಬಲ್ಲುಗಳ ಹೊದಿಕೆಯಾಯಿತು.

ಯುದ್ಧ ಮುಗಿದ ಮೇಲೆ ಇದೇ ವಸ್ತು ಮನೆಯೊಳಗೆ ಬಂತು. ಬಾಳಿಕೆ ಬರುವ ಸಾಮಾನನ್ನು ಒಮ್ಮೆ ಕೊಂಡವರು ಮತ್ತೆ ಬೇಗ ಕೊಳ್ಳುವುದಿಲ್ಲ. ಎಸೆದವರು ಮಾತ್ರ ನಾಳೆಯೇ ಅಂಗಡಿಗೆ ಬರುತ್ತಾರೆ. 1955ರಲ್ಲಿ ಅಮೆರಿಕದ ‘ಲೈಫ್’ ಪತ್ರಿಕೆ ತಟ್ಟೆ, ಲೋಟಗಳನ್ನು ಗಾಳಿಗೆ ತೂರುತ್ತಿರುವ ಕುಟುಂಬವೊಂದರ ಚಿತ್ರ ಪ್ರಕಟಿಸಿ, ಬಳಸಿ ಬಿಸಾಡುವ ಬದುಕನ್ನು ಗೃಹಿಣಿಯರ ಬಿಡುಗಡೆಯೆಂದು ಕೊಂಡಾಡಿತು. ಹತ್ತು ವರ್ಷಗಳ ನಂತರ, 1965ರಲ್ಲಿ, ಸ್ವೀಡನ್ನಿನ ಸ್ಟೆನ್ ಗುಸ್ತಾಫ್ ಥುಲಿನ್ ವಿನ್ಯಾಸ ಮಾಡಿದ ಕೈಚೀಲಕ್ಕೆ ಅಮೆರಿಕದ ಪೇಟೆಂಟ್ ದೊರೆಯಿತು. ಇಂದಿನ ಕ್ಯಾರಿಬ್ಯಾಗಿನ ಮೂಲ ಅದೇ. ಥುಲಿನ್ ಮಾತ್ರ ಒಂದು ಚೀಲವನ್ನು ಮಡಚಿ ಸದಾ ಜೇಬಿನಲ್ಲಿಟ್ಟುಕೊಳ್ಳುತ್ತಿದ್ದರೆಂದು ಅವರ ಮಗ ನೆನಪಿಸಿಕೊಂಡಿದ್ದಾರೆ. ನಮ್ಮಜ್ಜಿಗೆ ಅವರು ಅರ್ಥವಾಗುತ್ತಿದ್ದರು.

1950ರಿಂದ 2015ರವರೆಗೆ ಜಗತ್ತು ಸುಮಾರು 830 ಕೋಟಿ ಟನ್ ಪ್ಲಾಸ್ಟಿಕ್ ತಯಾರಿಸಿತೆಂದು 2017ರ ಅಧ್ಯಯನವೊಂದು ಅಂದಾಜಿಸಿತು. ಅದರಲ್ಲಿ ಕಸವಾದದ್ದು 630 ಕೋಟಿ ಟನ್. ಆ ಕಸದಲ್ಲಿ ಮರುಬಳಕೆಯಾದದ್ದು ನೂರಕ್ಕೆ ಒಂಬತ್ತು ಪಾಲು. ಬಾಟಲಿಯ ತಳದಲ್ಲಿ ಕಾಣುವ ತ್ರಿಕೋನದ ಗುರುತು 1988ರಲ್ಲಿ ಬಂತು. ಒಳಗಿನ ಅಂಕಿ ಅದು ಯಾವ ಬಗೆಯ ಪ್ಲಾಸ್ಟಿಕ್ ಎಂದಷ್ಟೇ ಹೇಳುತ್ತದೆ. ಮರುಬಳಕೆಯಾಗುತ್ತದೆ ಎಂಬ ಭರವಸೆ ಅದರಲ್ಲಿಲ್ಲ. ಆ ಕೆಲಸ ನಿಂತಿರುವುದು ಕಸ ಆಯುವವರ, ಗುಜರಿ ಅಂಗಡಿಯವರ ಕೈಯಲ್ಲಿ. ಅವರು ಬಗೆಬಗೆಯಾಗಿ ಬೇರ್ಪಡಿಸಿದರಷ್ಟೇ ಪ್ಲಾಸ್ಟಿಕ್ಕನ್ನು ತೊಳೆದು, ಚೂರು ಮಾಡಿ, ಕರಗಿಸಿ ಮತ್ತೆ ಹರಳಾಗಿಸಲು ಸಾಧ್ಯ.

ಆದರೆ ಅವರೂ ಮುಟ್ಟದ ವಸ್ತುವೊಂದಿದೆ. ಚಿಪ್ಸ್ ಪೊಟ್ಟಣದಂಥವುಗಳಲ್ಲಿ ಪ್ಲಾಸ್ಟಿಕ್ ಮತ್ತು ಲೋಹದ ತೆಳು ಪದರಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಬಿಡಿಸುವ ಖರ್ಚೇ ಹೆಚ್ಚು, ಹಾಗಾಗಿ ಗುಜರಿಯಲ್ಲಿ ಅದಕ್ಕೆ ಬೆಲೆಯಿಲ್ಲ. 2016ರ ಮಾರ್ಚಿನಲ್ಲಿ ಕರ್ನಾಟಕ ಕ್ಯಾರಿಬ್ಯಾಗು, ತಟ್ಟೆ, ಲೋಟಗಳನ್ನು ನಿಷೇಧಿಸಿತು. ಕಾರ್ಖಾನೆಯಲ್ಲೇ ಮುಚ್ಚಿ ಬರುವ ಪೊಟ್ಟಣಕ್ಕೆ ವಿನಾಯಿತಿ ಇತ್ತು. ಸಂತೆಯ ಸೊಪ್ಪಿನವಳ ಚೀಲ ತಪ್ಪಾಯಿತು, ಕಂಪನಿಯ ಪೊಟ್ಟಣ ಉಳಿಯಿತು.

ಅಜ್ಜಿಯ ಕೊನೆಯ ವರ್ಷಗಳಲ್ಲಿ ಮನೆಗೆ ಅಂಥ ಪೊಟ್ಟಣಗಳೇ ಹೆಚ್ಚು ಬರುತ್ತಿದ್ದವು. ತೊಳೆದರೆ ಉಪಯೋಗವಿಲ್ಲ, ಕೊಟ್ಟರೆ ಯಾರೂ ಒಯ್ಯುವುದಿಲ್ಲ. ಅವಳು ಅವನ್ನು ಬಚ್ಚಲೊಲೆಗೆ ಹಾಕಿ, ಹೊಗೆಗೆ ಸೆರಗು ಅಡ್ಡ ಹಿಡಿಯುತ್ತಿದ್ದಳು. ಏನನ್ನೂ ಹಾಳುಮಾಡದ ಆ ಕೈಗೆ ಬೇರೆ ದಾರಿ ಉಳಿದಿರಲಿಲ್ಲ.